ಎಣ್ಣೆಯನ್ನು ಹೊರಗೆ ತಳ್ಳಿದ್ದು ಯಾವುದು?

ಶನಿವಾರ, ಭಾನುವಾರ ಟ್ರ್ಯಾಕ್ ಡೇ ಇತ್ತೆಂದರೆ ಸೋಮವಾರ ಗ್ಯಾರೇಜಿಗೆ ಎಂಥ ಕಾರು ಬರುತ್ತದೆಂದು ನಮ್ಮ ಹುಡುಗರಿಗೆ ಹೇಳಬೇಕಾಗಿಲ್ಲ. ಬಾಗಿಲ ಮೇಲೆ ನಂಬರು ಅಂಟಿಸಿ ಕಿತ್ತ ಟೇಪಿನ ಗುರುತು, ಚಕ್ರದ ತುಂಬ ಬ್ರೇಕಿನ ಕಪ್ಪು ಪುಡಿ, ಟೈರಿನ ಅಂಚಿನಲ್ಲಿ ಸುರುಳಿಗಟ್ಟಿದ ರಬ್ಬರು. ತಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬೆಂಗಳೂರಿನವರು ಹೋಗುವುದು ಹೆಚ್ಚಾಗಿ ತಮಿಳುನಾಡಿಗೆ: ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ, ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿ.ಮೀ. ಸುತ್ತಿನ ಮೇಲೆ ದಿನವಿಡೀ ಹಿಂಡಿದ ಅದೇ ಕಾರಿನಲ್ಲಿ ರಾಣಿಪೇಟೆ, ಕೃಷ್ಣಗಿರಿ, ಹೊಸೂರು ದಾಟಿ ಸುಮಾರು 300 ಕಿ.ಮೀ. ಮನೆಗೆ ಬರುತ್ತಾರೆ. ನನ್ನ ಕೈಗೆ ಸಿಗುವ ಹೊತ್ತಿಗೆ ಎಣ್ಣೆ ಹೊರಟ ಜಾಗದಲ್ಲಿ ಇರುವುದಿಲ್ಲ. ಹೆದ್ದಾರಿಯ ಗಾಳಿ ಅದನ್ನು ಕಾರಿನ ಅಡಿಗೆಲ್ಲ ಬಳಿದಿರುತ್ತದೆ.

"ಅಣ್ಣ, ಯಾವುದೋ ಆಯಿಲ್ ಸೀಲ್ ಹೋಗಿದೆ, ಹಾಕಿಬಿಡಿ" ಎಂಬುದು ಎಲ್ಲರ ಮೊದಲ ಮಾತು. ಸೀಲ್ ಹೋಗಿರಲೂಬಹುದು. ಆದರೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ವರ್ಷಗಟ್ಟಲೆ ಎಣ್ಣೆ ತಡೆದ ಸೀಲು ಇಪ್ಪತ್ತು ನಿಮಿಷದ ಓಟದಲ್ಲಿ ಕೈಬಿಟ್ಟಿತೆಂದರೆ ಏನೋ ಅದನ್ನು ತಳ್ಳಿದೆ. ಟ್ರ್ಯಾಕಿನಲ್ಲಿ ಹಾಗೆ ತಳ್ಳುವವು ಮೂರು: ಕ್ರ್ಯಾಂಕ್ ಕೇಸಿನೊಳಗಿನ ಒತ್ತಡ, ಶಾಖ, ಮತ್ತು ತಿರುವು ಬ್ರೇಕುಗಳಲ್ಲಿ ಎಣ್ಣೆ ಒಂದೇ ಕಡೆಗೆ ವಾಲುವುದು. ಯಾವುದು ತಳ್ಳಿತೆಂದು ತಿಳಿಯದೆ ಹಾಕಿದ ಹೊಸ ಸೀಲು ಮುಂದಿನ ಟ್ರ್ಯಾಕ್ ಡೇ ಮುಗಿಯುವಷ್ಟರಲ್ಲಿ ಮತ್ತೆ ಸೋರುತ್ತದೆ. ಇಲ್ಲಿ ಬರೆದಿರುವುದು ಟರ್ಬೊ ಪೆಟ್ರೋಲ್ ಕಾರುಗಳ ಕೆಳಗೆ ಮಲಗಿ ಕಲಿತದ್ದು. ಎಂಜಿನ್ನಿನ ರಚನೆ ಹೇಳಬೇಕಾದ ಕಡೆ ಆಕ್ಟೇವಿಯಾ ಆರ್‌ಎಸ್‌ನಲ್ಲಿ ಬಂದ ಎರಡು ಲೀಟರಿನ ಇಎ888 ಅನ್ನು ಮಾದರಿಗೆ ಇಟ್ಟುಕೊಂಡಿದ್ದೇನೆ. ಈ ಊರಿನ ಟ್ರ್ಯಾಕ್ ಹುಡುಗರಿಗೆ ಅದು ಪರಿಚಿತ.

1. ಮೊದಲು ಲೆಕ್ಕ, ಆಮೇಲೆ ಟಾರ್ಚು

ಲಿಫ್ಟಿಗೆ ಏರಿಸುವ ಮುನ್ನ, ಸಮತಟ್ಟು ನೆಲದಲ್ಲಿ, ಡಿಪ್‌ಸ್ಟಿಕ್ ಎಳೆದು ನೋಡಬೇಕು. ಹೊರಡುವಾಗ ಎಣ್ಣೆ ಎಷ್ಟಿತ್ತು, ನಡುವೆ ಎಷ್ಟು ಹಾಕಿದರು, ಈಗ ಎಷ್ಟಿದೆ? ಈ ಮೂರಕ್ಕೂ ಉತ್ತರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಹೊರಡುವಾಗ ನೋಡಿಯೇ ಇರಲಿಲ್ಲ ಎನ್ನುವವರೇ ಹೆಚ್ಚು. ಟೈರಿನ ಗಾಳಿಯನ್ನು ಅರ್ಧ ಪಿಎಸ್‌ಐ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುವವರೂ ಡಿಪ್‌ಸ್ಟಿಕ್ ಮುಟ್ಟಿರುವುದಿಲ್ಲ.

ಲೆಕ್ಕ ಯಾಕೆ ಬೇಕೆಂದರೆ, ನೆಲದ ಮೇಲಿನ ಕಲೆ ಕಣ್ಣಿಗೆ ಮೋಸ ಮಾಡುತ್ತದೆ. ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್. ಹತ್ತು ಸೆಕೆಂಡಿಗೊಂದು ಹನಿ ಬೀಳುತ್ತಿದ್ದರೆ ನೋಡುವವರ ಎದೆ ಧಸಕ್ಕೆನ್ನುತ್ತದೆ, ಆದರೆ ಗಂಟೆಗೆ ಆಗುವುದು 18 ಮಿಲಿಲೀಟರ್. ಆ ಲೆಕ್ಕದಲ್ಲಿ ಒಂದು ಲೀಟರ್ ಖಾಲಿಯಾಗಲು ಎರಡು ಹಗಲು ಎರಡು ರಾತ್ರಿ ಮೀರಿ ಹಿಡಿಯುತ್ತದೆ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಬಹಳಷ್ಟು ಕಾರುಗಳಲ್ಲಿ ಒಂದು ಲೀಟರಿನ ಆಸುಪಾಸು. ಅಷ್ಟು ಇಳಿದಿದೆ, ಕಾರಿನಡಿ ಮಾತ್ರ ಅಂಗೈಯಗಲದ ಒದ್ದೆ ಎಂದರೆ ಆ ಒದ್ದೆಯ ಹಿಂದೆ ಬೀಳಬೇಡಿ. ಮಿಕ್ಕ ಎಣ್ಣೆ ಒಳದಾರಿಯಲ್ಲಿ ಹೋಗಿ ಉರಿದಿದೆ. ಹುಡುಕಬೇಕಾದದ್ದು ಇಂಟರ್‌ಕೂಲರಿನ ಕೊಳವೆಯಲ್ಲಿ, ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ, ಸೈಲೆನ್ಸರಿನ ಬಾಯಲ್ಲಿ.

ಉಲ್ಟಾ ಕೂಡ ಇದೆ. ಟ್ರ್ಯಾಕಿಗೆ ಹೋಗುತ್ತಿದ್ದೇವೆ, ಇರಲಿ ಎಂದು ಮೇಲಿನ ಗೆರೆ ದಾಟಿಸಿ ತುಂಬುವವರು. ಕ್ರ್ಯಾಂಕಿನ ತೂಕದ ಭಾಗ ಎಣ್ಣೆಗೆ ಬಡಿದು ನೊರೆ ಏಳುತ್ತದೆ, ಆ ನೊರೆ ಬ್ರೀದರಿನ, ಅಂದರೆ ಕ್ರ್ಯಾಂಕ್ ಕೇಸಿನ ಉಸಿರುಗೊಳವೆಯ, ದಾರಿ ಹಿಡಿಯುತ್ತದೆ. ಅಂಥ ಕಾರಿನಲ್ಲಿ ರಿಪೇರಿ ಎಂದರೆ ಹೆಚ್ಚಿನ ಎಣ್ಣೆ ಹೀರಿ ತೆಗೆಯುವುದು ಅಷ್ಟೇ.

2. ಒದ್ದೆ ಇರುವುದೆಲ್ಲ ಎಂಜಿನ್ ಎಣ್ಣೆಯಲ್ಲ

ಬಿಳಿ ಟಿಶ್ಯೂ ಕಾಗದ ಸಾಕು. ಕಪ್ಪು, ಸುಟ್ಟ ವಾಸನೆ: ಎಂಜಿನ್ ಎಣ್ಣೆ. ಗುಲಾಬಿ ಅಥವಾ ನೇರಳೆ, ಸಿಹಿ ವಾಸನೆ, ಒಣಗಿದ ಮೇಲೆ ಬಿಳಿ ಪುಡಿ: ಕೂಲಂಟ್. ತೆಳ್ಳಗೆ, ಬಣ್ಣವೇ ಇಲ್ಲದ ಹಾಗೆ, ಪೇಂಟಿನ ಮೇಲೆ ಬಿದ್ದರೆ ಪೇಂಟು ಉಬ್ಬಿಸುವಂಥದ್ದು: ಬ್ರೇಕ್ ಎಣ್ಣೆ, ಅದಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ಅದನ್ನು ನೋಡಿ. ಚಕ್ರದ ಒಳಬದಿಗೆ ದಪ್ಪಗೆ ಎರಚಿದ್ದರೆ ಸಿವಿ ಜಾಯಿಂಟಿನ ಬೂಟ್ ಹರಿದು ಗ್ರೀಸ್ ಬಂದಿದೆ.

ತೊಡಕು ಗೇರ್ ಬಾಕ್ಸಿನದು. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗಿನಿಂದ ಹನಿ ಬಿದ್ದರೆ ಅದು ಕ್ರ್ಯಾಂಕಿನ ಹಿಂದಿನ ಸೀಲಿನದೋ ಗೇರ್ ಬಾಕ್ಸಿನದೋ? ಆರು ಗೇರಿನ ವೆಟ್ ಕ್ಲಚ್ ಡಿಎಸ್‌ಜಿ ತನ್ನದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಕಾದಾಗ ತಲೆಯ ಮೇಲಿನ ಉಸಿರು ಮುಚ್ಚಳದಿಂದ ಉಗುಳಲೂಬಹುದು. ಅದರ ಎಣ್ಣೆ ಎಂಜಿನ್ ಎಣ್ಣೆಯಷ್ಟು ಬೇಗ ಕಪ್ಪಾಗದು, ವಾಸನೆಯೂ ಬೇರೆ. ಸಂದೇಹ ಉಳಿದರೆ ಎಂಜಿನ್ ಎಣ್ಣೆಗೆ ಮಾತ್ರ ಯುವಿ ಡೈ ಹಾಕಿ ನೋಡಿ. ಹನಿ ಹೊಳೆಯದಿದ್ದರೆ ಗೇರ್ ಬಾಕ್ಸಿನದು.

3. ತೊಳೆಯುವ ಮುನ್ನ ಓದಿಕೊಳ್ಳಿ

ಕಾರನ್ನು ವಾಟರ್ ಸರ್ವಿಸ್ ಮಾಡಿಸಿಕೊಂಡು ತರುವ ಗಿರಾಕಿಯ ಒಳ್ಳೆಯ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಸಾಕ್ಷಿಯೆಲ್ಲ ಚರಂಡಿಗೆ ಹೋಗಿರುತ್ತದೆ. ಕೊಳಕಾಗಿಯೇ ತನ್ನಿ. ಮೊದಲು ಫೋಟೊ, ಆಮೇಲೆ ಬಟ್ಟೆ.

ಧೂಳು ಕೂತು ಹೊರೆಗಟ್ಟಿದ್ದರೆ ಹಳೆಯ ಸೋರಿಕೆ, ಟ್ರ್ಯಾಕಿಗೂ ಅದಕ್ಕೂ ಸಂಬಂಧವಿಲ್ಲದಿರಬಹುದು. ಧೂಳಿಲ್ಲದೆ ಮಿಂಚುವ ಒದ್ದೆ ಹೊಸದು. ಬೀಸಣಿಗೆಯಂತೆ ಹರಡಿದ ಸಿಂಪರಣೆ ಇದ್ದರೆ ಒತ್ತಡದಲ್ಲಿ ಚಿಮ್ಮಿದೆ, ಇಲ್ಲವೇ ತಿರುಗುವ ಏನೋ ಎರಚಿದೆ. ಬೆಲ್ಟಿನ ಸಾಲಿನಲ್ಲಿ ನೇರ ಗೆರೆಯಾಗಿ ಎರಚಿದ್ದರೆ ಎಣ್ಣೆ ಪುಲ್ಲಿಗೆ ತಗಲಿದೆ. ಸಣ್ಣ ತೊರೆಯಾಗಿ ಕೆಳಗಿಳಿದಿದ್ದರೆ ಬರಿಯ ಇಳಿಜಾರು.

ಅತಿ ಎತ್ತರದ, ಅತಿ ಮುಂದಿನ ಒದ್ದೆ ಜಾಗವೇ ಮೂಲ ಎಂಬ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತದೆ. ಬಹುಮಟ್ಟಿಗೆ ನಿಜವೇ. ಆದರೆ ರೇಡಿಯೇಟರ್ ಫ್ಯಾನು ಮತ್ತು ಅಡಿಯ ಪ್ಲಾಸ್ಟಿಕ್ ತಟ್ಟೆ ಸೇರಿ ಗಾಳಿಯನ್ನು ಸುಳಿ ಮಾಡಿ ಎಣ್ಣೆಯ ಮಂಜನ್ನು ಮುಂದಕ್ಕೂ ಒಯ್ಯುತ್ತವೆ. ಹಾಗಾಗಿ ನಾನು ಎತ್ತರವನ್ನು ನಂಬುತ್ತೇನೆ, ಮುಂದು ಹಿಂದನ್ನು ಅಷ್ಟು ನಂಬುವುದಿಲ್ಲ. ಅಡಿ ತಟ್ಟೆ ಬಿಚ್ಚುವಾಗ ವಾಲಿಸದೆ ಇಳಿಸಬೇಕು, ಕೊಚ್ಚೆ ಎಲ್ಲಿ ನಿಂತಿದೆಯೆಂಬುದೂ ಸುಳಿವು. ಹೋದ ಸಲ ಆಯಿಲ್ ಚೇಂಜ್ ಆದಾಗ ಫಿಲ್ಟರಿನಿಂದ ಚೆಲ್ಲಿದ್ದು ಅಲ್ಲೇ ಕೂತಿದ್ದು, ಟ್ರ್ಯಾಕಿನ ಬ್ರೇಕಿಗೆ ಮುಂದೆ ಹರಿದು ಹೊರಬಿದ್ದಿರುವುದು ಅಪರೂಪವೇನಲ್ಲ.

4. ಉಸಿರು ಪರೀಕ್ಷಿಸದೆ ಸೀಲ್ ಮುಟ್ಟಬೇಡಿ

ಎಲ್ಲ ಪಾಠಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ಇದನ್ನು ಇಟ್ಟುಕೊಳ್ಳುತ್ತೇನೆ. ಪಿಸ್ಟನ್ ರಿಂಗುಗಳು ಎಷ್ಟೇ ಚೆನ್ನಾಗಿರಲಿ, ಉರಿದ ಅನಿಲ ಒಂದಿಷ್ಟು ಅವುಗಳ ಸಂದಿಯಿಂದ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಅದೇ ಬ್ಲೋ-ಬೈ. ಅದನ್ನು ಹೊರಗೆಳೆದು ಎಣ್ಣೆ ಬೇರ್ಪಡಿಸಿ ಮತ್ತೆ ಎಂಜಿನ್ನಿಗೆ ಕುಡಿಸುವ ವ್ಯವಸ್ಥೆ ಪಿಸಿವಿ. ಟರ್ಬೊ ಕಾರಿನಲ್ಲಿ ಇದಕ್ಕೆ ಎರಡು ದಾರಿ ಬೇಕು. ಐಡಲಿನಲ್ಲಿ ಮ್ಯಾನಿಫೋಲ್ಡಿನೊಳಗೆ ನಿರ್ವಾತ ಇರುತ್ತದೆ, ಅದೇ ಅನಿಲವನ್ನು ಎಳೆದುಕೊಳ್ಳುತ್ತದೆ. ಬೂಸ್ಟ್ ಬಂದೊಡನೆ ಅದೇ ಮ್ಯಾನಿಫೋಲ್ಡಿನಲ್ಲಿ ವಾತಾವರಣಕ್ಕಿಂತ ಒಂದು ಬಾರ್ ಹೆಚ್ಚು ಒತ್ತಡ. ಆಗ ಒಂದು ಚೆಕ್ ವಾಲ್ವ್ ಮುಚ್ಚಿಕೊಳ್ಳಬೇಕು, ಅನಿಲ ಇನ್ನೊಂದು ಕೊಳವೆಯಿಂದ ಟರ್ಬೊದ ಹೀರುವ ಬಾಯಿಗೆ ಹೋಗಬೇಕು.

ಆ ಚೆಕ್ ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಬೂಸ್ಟ್ ಗಾಳಿ ಹಿಂದಕ್ಕೆ ಕ್ರ್ಯಾಂಕ್ ಕೇಸಿಗೇ ನುಗ್ಗುತ್ತದೆ. ಸಾಮಾನ್ಯ ತುಟಿ ಸೀಲು ಅರ್ಧ ಬಾರ್ ಒತ್ತಡ ತಡೆದರೆ ಹೆಚ್ಚು. ಅದನ್ನು ಮಾಡಿರುವುದು ಎಣ್ಣೆ ಒರೆಸಲು, ಗಾಳಿ ತಡೆಯಲಲ್ಲ. ಊರಿನಲ್ಲಿ ಫುಲ್ ಬೂಸ್ಟ್ ಇರುವುದು ಎರಡು ಮೂರು ಸೆಕೆಂಡು, ಮುಂದೆ ಆಟೊ ಅಡ್ಡ ಬರುತ್ತದೆ. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷದ ಸೆಷನ್ನಿನ ಅರ್ಧ ಹೊತ್ತು ಪೆಡಲು ನೆಲಕ್ಕೆ ತಾಗಿರುತ್ತದೆ. ದೋಷ ಮೊದಲೇ ಇತ್ತು. ಟ್ರ್ಯಾಕು ಅದಕ್ಕೆ ಸಮಯ ಕೊಟ್ಟಿತು. ಕುಕ್ಕರಿನ ವೆಯ್ಟ್ ಕಟ್ಟಿಕೊಂಡು ಗ್ಯಾಸ್ಕೆಟ್ಟಿನ ಪಕ್ಕದಿಂದ ಆವಿ ಬುಸುಗುಟ್ಟುವಾಗ ಗ್ಯಾಸ್ಕೆಟ್ ಬದಲಿಸುತ್ತ ಕೂರುವವರನ್ನು ಮನೆಯಲ್ಲಿ ಏನೆನ್ನುತ್ತಾರೋ, ಪಿಸಿವಿ ನೋಡದೆ ಸೀಲ್ ಹಾಕುವ ಮೆಕ್ಯಾನಿಕ್ಕಿಗೂ ಅದನ್ನೇ ಅನ್ನಬಹುದು.

ಪರೀಕ್ಷೆ ಸುಲಭ. ಐಡಲಿನಲ್ಲಿ ಎಣ್ಣೆ ತುಂಬುವ ಮುಚ್ಚಳ ಸಡಿಲಿಸಿ. ತುಸು ಎಳೆತ ಇದ್ದು ಐಡಲ್ ಸ್ವಲ್ಪ ಅಲುಗಿದರೆ ಸಹಜ. ಮುಚ್ಚಳ ಕುಣಿದು ಆವಿ ಹೊರಗೆ ಉಗುಳಿದರೆ ಬ್ಲೋ-ಬೈ ಹೆಚ್ಚಾಗಿದೆ ಅಥವಾ ದಾರಿ ಕಟ್ಟಿದೆ. ಮುಚ್ಚಳ ಕೀಳಲು ಎರಡೂ ಕೈ ಬೇಕಾದರೆ ಪಿಸಿವಿಯ ಡಯಾಫ್ರಮ್ ಹರಿದು ನಿರ್ವಾತ ಮಿತಿ ಮೀರಿದೆ. ಇದರ ಜೊತೆ ಗೇರ್ ಬಾಕ್ಸ್ ಕಡೆಯಿಂದ ಕೀರಲು ಸದ್ದು ಬರುತ್ತಿದ್ದು, ಮುಚ್ಚಳ ತೆರೆದೊಡನೆ ನಿಂತರೆ, ಹಿಂದಿನ ಸೀಲಿನ ತುಟಿಯ ಸಂದಿಯಿಂದ ಗಾಳಿ ಒಳಗೆ ಹೋಗುತ್ತಿದೆ ಎಂದರ್ಥ. ಆ ತುಟಿ ಒಣಗಿ ತಿರುಗಿ ಹಾಳಾಗಿ ಮುಂದೆ ಸೋರುವುದು ಖಚಿತ.

ಐಡಲಿನ ಪರೀಕ್ಷೆ ಚೆಕ್ ವಾಲ್ವಿನ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕೆ ಡಿಪ್‌ಸ್ಟಿಕ್ ಕೊಳವೆಗೆ ಗೇಜ್ ಹಾಕಿ ಬೂಸ್ಟಿನಲ್ಲಿ ಓದಬೇಕು. ನಾನು ಉದ್ದದ ಕೊಳವೆಯಿಂದ ಪ್ರೆಶರ್ ಸೆನ್ಸರ್ ಒಂದನ್ನು ಲಾಗರಿಗೆ ಜೋಡಿಸಿ ಹೆದ್ದಾರಿಯಲ್ಲಿ ಒಂದೆರಡು ಸಲ ಎಳೆಸಿ ನೋಡುತ್ತೇನೆ. ಬೂಸ್ಟ್ ಏರಿದಂತೆ ಕ್ರ್ಯಾಂಕ್ ಕೇಸಿನ ಒತ್ತಡವೂ ಸೊನ್ನೆ ದಾಟಿ ಜೊತೆಗೇ ಏರುತ್ತಿದ್ದರೆ ಸೀಲಿನ ಮಾತು ಅಲ್ಲಿಗೇ ನಿಲ್ಲುತ್ತದೆ. ಪಿಸಿವಿ ಸರಿಯಿದ್ದೂ ಹೀಗಾದರೆ ಲೀಕ್-ಡೌನ್ ಪರೀಕ್ಷೆ: ಸಿಲಿಂಡರಿಗೆ ಗಾಳಿ ಕೊಟ್ಟು ಎಷ್ಟು ಸೋರುತ್ತದೆ, ಎಲ್ಲಿ ಸೋರುತ್ತದೆ ಎಂದು ನೋಡುವುದು. ಹತ್ತು ಪ್ರತಿಶತದೊಳಗೆ ನೆಮ್ಮದಿ. ಇಪ್ಪತ್ತು ದಾಟಿ, ಎಣ್ಣೆ ಮುಚ್ಚಳದಲ್ಲಿ ಕಿವಿಯಿಟ್ಟರೆ ಸುಯ್ಯೆನ್ನುತ್ತಿದ್ದರೆ ಗಿರಾಕಿಯನ್ನು ಕೂರಿಸಿ ಮಾತಾಡಬೇಕು.

ಒಂದು ಕಾರು ಬಂದಿತ್ತು. ಬೇರೆ ಕಡೆ ಗೇರ್ ಬಾಕ್ಸ್ ಇಳಿಸಿ ಹಿಂದಿನ ಸೀಲ್ ಹಾಕಿದ್ದರು, ಮತ್ತೆ ಸೋರಿತು, ಮತ್ತೆ ಇಳಿಸಿ ಹಾಕಿದ್ದರು. ಯಾರೂ ಮುಚ್ಚಳ ಸಡಿಲಿಸಿ ನೋಡಿರಲಿಲ್ಲ. ತೊಂದರೆ ಎಂಜಿನ್ನಿನ ತಲೆಯ ಮೇಲೆಯೇ ಇತ್ತು, ಕೆಲವು ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ಭಾಗದಲ್ಲಿ. ಗೇರ್ ಬಾಕ್ಸ್ ಇಳಿಸುವ ಖರ್ಚಿನ ಮುಂದೆ ಆ ಭಾಗದ ಬೆಲೆ ಏನೇನೂ ಅಲ್ಲ.

5. ಟರ್ಬೊಗೆ ರಬ್ಬರ್ ಸೀಲ್ ಇಲ್ಲ

"ಟರ್ಬೊ ಸೀಲ್ ಹೋಗಿದೆ" ಎಂಬ ತೀರ್ಪು ಜೆ.ಸಿ. ರಸ್ತೆಯಲ್ಲಿ ಬಹಳ ಬೇಗ ಸಿಗುತ್ತದೆ. ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗುವ, ಒಂದು ಬದಿ ಕೆಂಪಗೆ ಕಾಯುವ ದಂಡಕ್ಕೆ ರಬ್ಬರ್ ತುಟಿ ನಿಲ್ಲುವುದಿಲ್ಲ. ಅಲ್ಲಿರುವುದು ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಉಂಗುರಗಳು. ಕಂಪ್ರೆಸರ್ ಮತ್ತು ಟರ್ಬೈನ್ ಕಡೆಯ ಅನಿಲದ ಒತ್ತಡ ನಡುವಿನ ಗೂಡಿನ ಒತ್ತಡಕ್ಕಿಂತ ಹೆಚ್ಚಿರುವವರೆಗೂ ಎಣ್ಣೆ ಒಳಗೇ ಉಳಿಯುತ್ತದೆ. ಪಂಪಿನ ಒತ್ತಡದಲ್ಲಿ ಬಂದ ಎಣ್ಣೆ ಬೇರಿಂಗ್ ದಾಟಿ ನೊರೆಯಾಗಿ, ಬರಿಯ ಇಳಿಜಾರಿನಿಂದ ದಪ್ಪ ಡ್ರೈನ್ ಕೊಳವೆಯಲ್ಲಿ ಎಂಜಿನ್ನಿಗೆ ಮರಳಬೇಕು.

ಡ್ರೈನ್ ಕೊಳವೆಯಲ್ಲಿ ಎಣ್ಣೆ ಸುಟ್ಟು ಕರಿಗಟ್ಟಿದ್ದರೆ, ಕೊಳವೆ ಬಾಗಿದ್ದರೆ, ಪ್ಯಾಕಿಂಗಿನ ತೂತು ಚಿಕ್ಕದಾಗಿದ್ದರೆ, ಅಥವಾ ಹಿಂದೆ ಹೇಳಿದಂತೆ ಕ್ರ್ಯಾಂಕ್ ಕೇಸಿನಲ್ಲಿ ಒತ್ತಡ ತುಂಬಿದ್ದರೆ ಎಣ್ಣೆ ಇಳಿಯದೆ ನಿಂತು ಉಂಗುರ ದಾಟುತ್ತದೆ. ನೀಲಿ ಹೊಗೆ ಬರುತ್ತದೆ, ಟರ್ಬೊ ನಿರಪರಾಧಿ. ಹೊಸ ಟರ್ಬೊ ಹಾಕಿದರೆ ಅದೂ ಹೊಗೆಯಾಡುತ್ತದೆ.

ದಂಡವನ್ನು ಬೆರಳಲ್ಲಿ ಅಲುಗಿಸಿ ನೋಡುವಾಗ ಮೇಲೆ ಕೆಳಗೆ ಸ್ವಲ್ಪ ಆಟ ಸಿಕ್ಕಿದರೆ ಬೆಚ್ಚಬೇಡಿ. ಎಣ್ಣೆಯ ಪದರದಲ್ಲಿ ತೇಲುವ ಬೇರಿಂಗ್ ಅದು, ನಿಂತಾಗ ಆಟ ಇರುತ್ತದೆ. ಹಿಂದೆ ಮುಂದೆ ಕೈಗೆ ತಿಳಿಯುವಷ್ಟು ಆಟ, ಅಥವಾ ಚಕ್ರದ ರೆಕ್ಕೆ ಗೂಡಿಗೆ ಉಜ್ಜಿದ ಗುರುತು ಇದ್ದರೆ ಮಾತ್ರ ಅದರ ಕತೆ ಮುಗಿದಿದೆ.

ಇನ್ನೊಂದು ಹುಸಿ ಸೋರಿಕೆಯೂ ಟರ್ಬೊ ತಲೆಗೇ ಬರುತ್ತದೆ. ಇಂಟರ್‌ಕೂಲರಿನ ಕೊಳವೆ ಜೋಡಣೆಯ ಸುತ್ತ ಎಣ್ಣೆಯ ಜಿಡ್ಡು. ಪಿಸಿವಿಯಿಂದ ಬರುವ ಎಣ್ಣೆಯ ಮಂಜು ಆ ಕೊಳವೆಗಳ ಒಳಗೋಡೆಗೆ ಯಾವಾಗಲೂ ಸವರಿರುತ್ತದೆ, ಅಷ್ಟು ಸಹಜ. ಅದು ಹೊರಗೆ ಬಂದಿದೆ ಎಂದರೆ ಜೋಡಣೆಯ ಓ-ರಿಂಗ್ ಬೂಸ್ಟ್ ಬಿಡುತ್ತಿದೆ. ಗಿರಾಕಿ ಎಣ್ಣೆ ಸೋರಿಕೆ ಎಂದು ತಂದ ಕಾರಿನಲ್ಲಿ "ಎರಡನೆಯ ಸೆಷನ್ನಿನಲ್ಲಿ ಎಳೆತ ಕಡಿಮೆ ಇತ್ತಾ?" ಎಂದು ಕೇಳಿದರೆ ಹೌದೆನ್ನುತ್ತಾರೆ. ಕೊಳವೆ ಬಿಚ್ಚಿದಾಗ ಇಂಟರ್‌ಕೂಲರಿನಿಂದ ಎಣ್ಣೆ ಸುರಿದರೆ ಮಾತ್ರ ವಿಚಾರ ಬೇರೆ.

6. ಓಡುವಾಗಲೋ, ನಿಂತ ಮೇಲೋ

ಬಿಸಿ ಎಂಜಿನ್ನಿನಡಿ ರಟ್ಟಿನ ಹಾಳೆ ಹಾಸಿ. ಎಂಜಿನ್ ಓಡುವಾಗ ಹನಿದು ನಿಲ್ಲಿಸಿದೊಡನೆ ನಿಂತರೆ ಅದು ಒತ್ತಡದ ಕಡೆಯದು: ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರ್ ಹೌಸಿಂಗಿನ ಪ್ಯಾಕಿಂಗ್, ಆಯಿಲ್ ಕೂಲರ್, ಟರ್ಬೊಗೆ ಹೋಗುವ ಕೊಳವೆಯ ಬ್ಯಾಂಜೊ ಬೋಲ್ಟ್. ನಿಲ್ಲಿಸಿದ ಮೇಲೆ ಶುರುವಾಗಿ ಅರ್ಧ ಗಂಟೆ ಮೆಲ್ಲಗೆ ಬಂದರೆ ಇಳಿಯುವ ಕಡೆ: ಟರ್ಬೊ ಡ್ರೈನ್, ಟ್ಯಾಪೆಟ್ ಕವರ್, ಟೈಮಿಂಗ್ ಕವರ್, ಆಯಿಲ್ ಚೇಂಬರ್. ಬೆಳಿಗ್ಗೆ ತಣ್ಣಗಿರುವಾಗ ಸೋರಿ, ಕಾದ ಮೇಲೆ ನಿಲ್ಲುವುದು ಗಟ್ಟಿಯಾದ ರಬ್ಬರಿನ ಲಕ್ಷಣ. ಬೂಸ್ಟಿನಲ್ಲಿ ಮಾತ್ರ ಬರುವುದು ಕಂಡರೆ ನಾಲ್ಕನೆಯ ಪಾಠಕ್ಕೆ ಹಿಂದಿರುಗಿ.

ತೊಳೆಯುವುದು, ಯುವಿ ಡೈ, ಪೌಡರ್ ಸಿಂಪಡಿಸುವುದು ಇದಾದ ಮೇಲೆ. ಚೆನ್ನಾಗಿ ಡಿಗ್ರೀಸ್ ಮಾಡದೆ ಡೈ ಹಾಕಿದರೆ ಹಳೆಯ ಕೊಳೆಯಲ್ಲಿ ಸೇರಿ ಎಲ್ಲ ಕಡೆಯೂ ಹೊಳೆಯುತ್ತದೆ. ಡಿಪ್‌ಸ್ಟಿಕ್ ಕೊಳವೆಯಿಂದ ಸ್ಮೋಕ್ ಟೆಸ್ಟ್ ಮಾಡುವವರು ಅರ್ಧ ಪಿಎಸ್‌ಐ ಸುತ್ತಮುತ್ತ ಇಟ್ಟುಕೊಳ್ಳಿ. ಕಂಪ್ರೆಸರಿನ ಗಾಳಿ ನೇರ ಕೊಟ್ಟು ಒಳ್ಳೆಯ ಸೀಲನ್ನೂ ಹೊರಗೆ ತಳ್ಳಿದವರಿದ್ದಾರೆ.

7. ಯಾವ ತಿರುವಿನಲ್ಲಿ ಹೊಗೆ ಬಂತು?

ಇದನ್ನು ಚಾಲಕನಿಗಿಂತ ಹಿಂದಿನ ಕಾರಿನವನನ್ನು ಕೇಳಬೇಕು. ಅವನ ಡ್ಯಾಶ್ ಕ್ಯಾಮ್ ಇನ್ನೂ ಒಳ್ಳೆಯ ಸಾಕ್ಷಿ. ಗಡಿಯಾರದ ದಿಕ್ಕಿನಲ್ಲಿ ಓಡಿಸುವ ಟ್ರ್ಯಾಕಿನಲ್ಲಿ ಬಲ ತಿರುವುಗಳು ಹೆಚ್ಚು, ಎಣ್ಣೆ ಹೆಚ್ಚು ಹೊತ್ತು ಎಡಕ್ಕೆ ವಾಲಿರುತ್ತದೆ. ಅಡ್ಡ ಕೂರಿಸಿದ ಇಎ888ರಲ್ಲಿ ಬಲಗಡೆ ಟೈಮಿಂಗ್ ಚೈನು, ಎಡಗಡೆ ಗೇರ್ ಬಾಕ್ಸು. ಹಾಗಾಗಿ ಉದ್ದನೆಯ ಬಲ ತಿರುವಿನಲ್ಲಿ ಎಣ್ಣೆ ಒತ್ತರಿಸಿ ನಿಲ್ಲುವುದು ಕ್ರ್ಯಾಂಕಿನ ಹಿಂದಿನ ಸೀಲಿನ ಕಡೆ. ಉದ್ದುದ್ದ ಕೂರಿಸಿದ ಎಂಜಿನ್ನಿನಲ್ಲಿ ಈ ಲೆಕ್ಕ ಬದಲಾಗುತ್ತದೆ: ಗಟ್ಟಿ ಬ್ರೇಕಿಗೆ ಎಣ್ಣೆ ಮುಂದಿನ ಸೀಲಿನತ್ತ, ವೇಗ ಏರಿಸುವಾಗ ಹಿಂದಿನ ಸೀಲಿನತ್ತ.

ಹೊಗೆ ಒಂದೇ ತಿರುವಿನಲ್ಲಿ, ಅದೂ ಎಣ್ಣೆ ಮೇಲಿನ ಗೆರೆಯಲ್ಲಿದ್ದಾಗ ಮಾತ್ರ ಬಂದು, ನೇರ ರಸ್ತೆಯಲ್ಲಿ ಮಾಯವಾದರೆ ಬ್ರೀದರಿನ ಬಾಯಿಗೆ ಎಣ್ಣೆ ನುಗ್ಗುತ್ತಿದೆ. ಯಾವ ಸೀಲೂ ಬೇಡ. ಮಟ್ಟವನ್ನು ಎರಡು ಗೆರೆಗಳ ನಡುವೆ, ಮುಕ್ಕಾಲಿನಲ್ಲಿ ಇಟ್ಟು ನೋಡಿ. ತೀರ ಇಳಿಸಬೇಡಿ, ಅದೇ ತಿರುವಿನಲ್ಲಿ ಪಂಪಿಗೆ ಎಣ್ಣೆ ಸಿಗದೆ ಹೋದರೆ ಸೋರಿಕೆಯ ಚಿಂತೆಯೇ ಉಳಿಯದು.

8. ಕೂಲಂಟ್ ಮುಳ್ಳು ಎಣ್ಣೆಯ ಶಾಖ ಹೇಳುವುದಿಲ್ಲ

ಎಷ್ಟೋ ಕಾರುಗಳಲ್ಲಿ ಆ ಮುಳ್ಳನ್ನು ಸಾಫ್ಟ್‌ವೇರೇ 90 ಡಿಗ್ರಿಯಲ್ಲಿ ಹಿಡಿದು ನಿಲ್ಲಿಸಿರುತ್ತದೆ. ಒಳಗೆ ಎಣ್ಣೆ 130 ಮುಟ್ಟಿದ್ದರೂ ಅದು ಅಲುಗದು. ಓಬಿಡಿ ರೀಡರಿನಿಂದ ಎಣ್ಣೆಯ ಶಾಖವನ್ನೇ ಓದಬೇಕು. 100 ಡಿಗ್ರಿಯಲ್ಲಿ ಇದ್ದ ದಪ್ಪ 130ಕ್ಕೆ ಬರುವಾಗ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅಷ್ಟು ತೆಳುವಾದ ಎಣ್ಣೆ ಇಷ್ಟು ದಿನ ದಾಟದ ಸಂದಿಗಳನ್ನು ದಾಟುತ್ತದೆ. ಚೆನ್ನೈ ಬಿಸಿಲಿನಲ್ಲಿ ಮಧ್ಯಾಹ್ನದ ಸೆಷನ್ನಿಗೆ ಮಾತ್ರ ಸೋರಿತು, ಬೆಳಿಗ್ಗೆ ಇರಲಿಲ್ಲ ಎನ್ನುವ ಕಾರುಗಳಲ್ಲಿ ನನ್ನ ಮೊದಲ ಗುಮಾನಿ ಇದರ ಮೇಲೆ. ಎಂಜಿನ್ನಿನ ಕೈಪಿಡಿ ಒಪ್ಪುವ 40ರ ದರ್ಜೆ ಇದ್ದರೆ ಟ್ರ್ಯಾಕಿಗೆ ಅದನ್ನು ಹಾಕಲು ಹೇಳುತ್ತೇನೆ. ಆಯಿಲ್ ಕೂಲರಿನ ರೆಕ್ಕೆಗಳಲ್ಲಿ ಹುಳ, ಮಣ್ಣು, ರಬ್ಬರಿನ ಚೂರು ತುಂಬಿದೆಯೇ ಎಂದೂ ನೋಡಿ.

ರಬ್ಬರುಗಳೂ ಒಂದೇ ಅಲ್ಲ. ಸಾದಾ ನೈಟ್ರೈಲ್ 100–120 ಡಿಗ್ರಿಯವರೆಗೆ ಬಾಳುತ್ತದೆ, ವೈಟಾನ್ 200ರವರೆಗೆ. ಅಂಗಡಿಯಲ್ಲಿ ಅಳತೆ ಹೊಂದುವ ಓ-ರಿಂಗ್ ಎಂದು ಕೊಟ್ಟದ್ದು ನೈಟ್ರೈಲ್ ಆಗಿದ್ದರೆ ಟರ್ಬೊ ಪಕ್ಕದಲ್ಲಿ ಕೆಲವೇ ದಿನಕ್ಕೆ ಪ್ಲಾಸ್ಟಿಕ್ ಚೂರಿನಂತೆ ಮುರಿಯುತ್ತದೆ. ಇಷ್ಟಿಷ್ಟು ರೂಪಾಯಿಯ ರಿಂಗಿಗೆ ಇಷ್ಟೆಲ್ಲ ಕೇಳುತ್ತೀರಲ್ಲ ಎಂದು ಅಂಗಡಿಯವರು ಗೊಣಗಿದರೂ ಕೇಳಿ ತನ್ನಿ.

9. ಸೋರುವ ಬೋಲ್ಟನ್ನು ಬಿಗಿದರೆ ನಿಲ್ಲುವುದಿಲ್ಲ

ಟ್ಯಾಪೆಟ್ ಕವರಿನ ಬೋಲ್ಟುಗಳಿಗೆ ಬೇಕಾದದ್ದು ಸುಮಾರು 8–10 ನ್ಯೂಟನ್ ಮೀಟರ್, ಮಣಿಕಟ್ಟಿನ ಬಲಕ್ಕಿಂತ ಹೆಚ್ಚಲ್ಲ. ಪಾನಾ ಹಿಡಿದು ಇನ್ನೊಂದು ಸುತ್ತು ಎಳೆದರೆ ಕವರ್ ಬಾಗುತ್ತದೆ, ಪ್ಯಾಕಿಂಗ್ ನಡುವಿನಲ್ಲಿ ಸಡಿಲವಾಗುತ್ತದೆ. ಮೂರನೆಯ ಪೀಳಿಗೆಯ ಇಎ888ರಲ್ಲಿ ಆಯಿಲ್ ಚೇಂಬರಿನ ಕೆಳಭಾಗವೂ ಡ್ರೈನ್ ಪ್ಲಗ್ಗೂ ಪ್ಲಾಸ್ಟಿಕ್; ಪ್ಲಗ್ಗನ್ನು ಪ್ರತಿ ಸಲ ಹೊಸದೇ ಹಾಕಬೇಕು. ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರುಗಳೂ ಹಾಗೆಯೇ. ಟರ್ಬೊಗೆ ಎಣ್ಣೆ ಕೊಡುವ ದಾರಿಯಲ್ಲಿ ಸಿಲಿಕೋನ್ ಸೀಲೆಂಟ್ ಬಳಿಯಲೇಬೇಡಿ. ಒಳಗೆ ಹಿಂಡಿದ ಚೂರು ಕಿತ್ತು ಹೋಗಿ ಸೂಜಿಯಷ್ಟು ದಾರಿಗೆ ಅಡ್ಡ ಕೂತರೆ ಬೇರಿಂಗ್ ಹೋಗಲು ಒಂದು ಸುತ್ತು ಸಾಕು. ಹಿಂದಿನ ಸೀಲು ಪಿಟಿಎಫ್‌ಇ ತುಟಿಯದ್ದಾದರೆ ಎಣ್ಣೆ ಸವರದೆ ಒಣಗಿಯೇ ಕೂರಿಸಬೇಕು. ಹಳೆಯ ಅಭ್ಯಾಸದ ಕೈ ತಾನಾಗಿ ಎಣ್ಣೆ ಡಬ್ಬಿಯತ್ತ ಹೋಗುತ್ತದೆ, ತಡೆದುಕೊಳ್ಳಿ.

10. ಕಾಯಬಹುದಾದ್ದು, ಕಾಯಬಾರದ್ದು

ಎಲ್ಲ ಸೋರಿಕೆಗೂ ಅದೇ ದಿನ ರಿಪೇರಿ ಬೇಕಿಲ್ಲ. ಆಯಿಲ್ ಚೇಂಬರಿನ ಅಂಚಿನಲ್ಲಿ ಬೆವರಿದಂತೆ ಒದ್ದೆ ಇದ್ದರೆ ಮುಂದಿನ ಸರ್ವಿಸ್‌ವರೆಗೆ ಕಾಯಬಹುದು, ಗಿರಾಕಿಗೆ ಹಾಗೆಂದೇ ಹೇಳಿ ಕಳಿಸುತ್ತೇನೆ. ಮೂರು ಕಡೆ ಎಣ್ಣೆ ಹೋಗುತ್ತಿದ್ದರೆ ಮಾತ್ರ ಕೀಲಿ ಕೊಡುವುದಿಲ್ಲ: ಬಿಸಿ ಎಕ್ಸಾಸ್ಟ್, ಬೆಲ್ಟ್, ಬ್ರೇಕು.

ಎಂಜಿನ್ ಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳುವುದು ಸಾಧಾರಣ 200 ಡಿಗ್ರಿ ದಾಟಿದ ಮೇಲೆ. ಟ್ರ್ಯಾಕಿನಲ್ಲಿ ಟರ್ಬೊದ ಬಿಸಿ ಗೂಡು 700 ಮೀರುತ್ತದೆ, ಕಿಡಿಯೂ ಬೇಡ. ಆಕ್ಟೇವಿಯಾದಂಥ ಕಾರಿನಲ್ಲಿ ಟರ್ಬೊ ಎಂಜಿನ್ನಿನ ಹಿಂದೆ, ಡ್ಯಾಶ್‌ಬೋರ್ಡಿನ ಗೋಡೆಯ ಕಡೆಗಿದೆ. ಟ್ಯಾಪೆಟ್ ಕವರಿನ ಹಿಂದಿನ ಅಂಚಿನಿಂದ ಇಳಿದ ಎಣ್ಣೆ ಅದರ ಮೇಲೇ ಬೀಳುತ್ತದೆ, ನೆಲಕ್ಕೆ ಒಂದು ಹನಿಯೂ ಬರುವುದಿಲ್ಲ. ಸುಳಿವು ವಾಸನೆ. ಎಸಿಯನ್ನು ಹೊರಗಾಳಿಗೆ ಇಟ್ಟಾಗ ಒಳಗೆ ಸುಟ್ಟ ವಾಸನೆ ಬಂದು, ರೀಸರ್ಕ್ಯುಲೇಶನ್ನಿಗೆ ಹಾಕಿದಾಗ ಕಡಿಮೆಯಾದರೆ ಬಾನೆಟ್ಟಿನಡಿ ಎಣ್ಣೆ ಸುಡುತ್ತಿದೆ. ಫಿಲ್ಟರ್ ಹೌಸಿಂಗು ಬೆಲ್ಟಿನ ಮೇಲಿರುವ ಎಂಜಿನ್ನುಗಳಲ್ಲಿ ಎಣ್ಣೆ ಕುಡಿದ ಬೆಲ್ಟ್ ನಾರುನಾರಾಗಿ ಹರಿದು ಪುಲ್ಲಿಯ ಹಿಂದೆ ಸುತ್ತಿಕೊಂಡು ಮುಂದಿನ ಸೀಲಿನ ಒಳಗೇ ಸೇರುವುದುಂಟು. ಆಮೇಲೆ ಬಿಲ್ಲು ಪ್ಯಾಕಿಂಗಿನದಲ್ಲ, ಎಂಜಿನ್ನಿನದು.

ಟ್ರ್ಯಾಕಿನಲ್ಲಿ ಇದು ನಿಮ್ಮೊಬ್ಬರ ವ್ಯವಹಾರವೂ ಅಲ್ಲ. ಕಪ್ಪು ಬಾವುಟದ ನಡುವೆ ಕಿತ್ತಳೆ ವೃತ್ತ, ಜೊತೆಗೆ ನಿಮ್ಮ ನಂಬರು ತೋರಿಸಿದರೆ ನಿಮ್ಮ ಕಾರಿನಲ್ಲಿ ಕೆಟ್ಟದ್ದು ಕಂಡಿದೆ, ಪಿಟ್ಟಿಗೆ ಬನ್ನಿ ಎಂದರ್ಥ. ಇನ್ನೊಂದು ಸುತ್ತು ಎಳೆದರೆ ಹಿಂದಿನವರಿಗೆ ಹಳದಿ ಕೆಂಪು ಪಟ್ಟೆಯ ಬಾವುಟ ತೋರಿಸಬೇಕಾಗುತ್ತದೆ, ಅಂದರೆ ಮುಂದೆ ರಸ್ತೆ ಜಾರುತ್ತದೆ ಎಂದು.

11. ಕ್ಯಾಚ್ ಕ್ಯಾನ್ ಹಾಕುವುದಾದರೆ ಅಳೆಯಿರಿ

ಸೋರಿಕೆ ಸರಿಪಡಿಸಿದ ಮೇಲೆ ಎಲ್ಲರೂ ಕೇಳುವುದು ಇದನ್ನೇ, ಬ್ರೀದರಿನಿಂದ ಬರುವ ಎಣ್ಣೆಯನ್ನು ಹಿಡಿದಿಡುವ ಡಬ್ಬಿಯನ್ನು. ತೆರೆದ ಬ್ರೀದರ್ ಇರುವ ರೇಸ್ ಕಾರಿಗೆ ಎಫ್‌ಐಎ ನಿಯಮವೇ ಕ್ಯಾಚ್ ಟ್ಯಾಂಕ್ ಕೇಳುತ್ತದೆ: ಎರಡು ಲೀಟರ್ ಎಂಜಿನ್ನಿನವರೆಗೆ 2 ಲೀಟರಿನದು, ಅದಕ್ಕೂ ದೊಡ್ಡದಕ್ಕೆ 3. ರಸ್ತೆ ಕಾರಿಗೆ ನಾನು ಹಾಕಿಕೊಡುವುದು ಮುಚ್ಚಿದ ಬಗೆಯದು, ಅನಿಲ ಮತ್ತೆ ಟರ್ಬೊದ ಬಾಯಿಗೇ ಹೋಗುವಂತೆ. ನಿರ್ವಾತ ನಂಬಿ ಮಾಡಿದ ಎಂಜಿನ್ನಿನ ಪಿಸಿವಿ ಕಿತ್ತು ಬ್ರೀದರನ್ನು ಗಾಳಿಗೆ ಬಿಟ್ಟರೆ ವಾಸನೆ, ಹೊಗೆ, ಎಂಜಿನ್ ಲೈಟು ಮೂರೂ ಉಚಿತ. ಸಣ್ಣ ಕೊಳವೆಯ ಅಗ್ಗದ ಡಬ್ಬಿ ಹಾಕಿದರೆ ಅದೇ ಅಡ್ಡಿಯಾಗಿ ಕ್ರ್ಯಾಂಕ್ ಕೇಸಿನ ಒತ್ತಡ ಏರಿಸುತ್ತದೆ. ಹಾಕಿದ ಮೇಲೆ ಮತ್ತೆ ಗೇಜ್ ಇಟ್ಟು ನೋಡಿ.

ಡಬ್ಬಿಯನ್ನು ಎಕ್ಸಾಸ್ಟಿನ ಮೇಲುಗಡೆ ಕಟ್ಟಬೇಡಿ. ಪ್ರತಿ ಸೆಷನ್ ಮುಗಿದ ಮೇಲೆ ಬಿಚ್ಚಿ, ಔಷಧಿಯ ಅಳತೆ ಲೋಟಕ್ಕೆ ಸುರಿದು, ಎಷ್ಟು ಬಂತೆಂದು ದಿನಾಂಕ, ಎಣ್ಣೆಯ ಶಾಖದ ಜೊತೆ ಬರೆದಿಡಿ. ಬೆಳ್ಳಗೆ ಹಾಲಿನಂತಿದ್ದರೆ ಅದರಲ್ಲಿ ನೀರಿನಂಶ ಇದೆ, ಚಳಿಗಾಲದ ಬೆಳಗಿನಲ್ಲಿ ಅದು ಸಾಮಾನ್ಯ. ಬೇಸಿಗೆಯಲ್ಲೂ ಹಾಗೇ ಬಂದು ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಅದೇ ಟ್ರ್ಯಾಕು, ಅದೇ ಚಾಲಕ, ಅದೇ ಎಣ್ಣೆ ಇದ್ದೂ ಲೋಟದಲ್ಲಿನ ಅಳತೆ ಸಲದಿಂದ ಸಲಕ್ಕೆ ಏರುತ್ತಿದ್ದರೆ, ಕಾರಿನಡಿ ಇನ್ನೂ ಒಣಗಿದ್ದರೂ ಸರಿ, ಮುಂದಿನ ಓಟಕ್ಕೆ ದುಡ್ಡು ಕಟ್ಟುವ ಮುನ್ನ ಲೀಕ್-ಡೌನ್ ಮಾಡಿಸಿ.